ಕುಂತ ಸ್ಪ್ರಿಂಗಿನ ಗತ್ತು

ನನ್ನ ಸ್ಪೋರ್ಟಿ ಕಾರು ನೆಲಕ್ಕ ಹತ್ತಿಕೊಂಡಂಗ ಓಡೋದು ನೋಡಿ, ಅಂಥದ ಕಾರಿದ್ದ ಎದುರು ಮನಿ ಪಾಟೀಲರು ಹೊಟ್ಟಿಕಿಚ್ಚು ಪಡ್ತಿದ್ರು. ಹಂಪ್ ಬಂದಲ್ಲೆಲ್ಲಾ ತಳ ಕರ್ರಂತ ಕೆರೀತಿತ್ತು. ನಾ ಅದನ್ನೂ ಗತ್ತು ಅಂತ ತಿಳಕೊಂಡಿದ್ದೆ.

ಹಳೇ ಹುಬ್ಬಳ್ಳಿ ಮೆಕ್ಯಾನಿಕ್ ದಸ್ತಗೀರ ಚಾಚಾ ಕೆಳಗ ಇಣುಕಿ, "ಸ್ಪೋರ್ಟಿ ಅಲ್ರಿ ಸರ, ಸ್ಪ್ರಿಂಗ್ ಸವದು ಕುಂತಾವ" ಅಂದು ಹೊಸಾವು ಹಾಕಿದ್ರು. ಕಾರು ನಾಲ್ಕ ಬೆರಳು ಎದ್ದು ನಿಂತಿತು.

"ಇದೇನ್ರಿ, ಮುದುಕರ ಗಾಡಿ ಆತಲ್ಲ!" ಅಂದ್ರು ಪಾಟೀಲರು. "ಯಾರ ಕಡೆ ಮಾಡಿಸಿದ್ರಿ?"

ಹೇಳಿದೆ.

ಮರುದಿನ, 'ಮುದುಕರ ಗಾಡಿ' ಅಂದದ್ದು ತಡಕೊಳ್ಳಲಾರದೆ ಗ್ಯಾರೇಜಿಗೆ ಓಡಿದೆ. "ಚಾಚಾ, ಆ ಹಳೇ ಸ್ಪ್ರಿಂಗನ ತಿರುಗಿ ಹಾಕಿಬಿಡ್ರಿ."

"ಮುಂಜಾನೇನ ಪಾಟೀಲರು ಹಾಕಿಸಿಕೊಂಡು ಹೋದ್ರಲ್ರಿ. ಎಷ್ಟ ಬ್ಯಾಡಂದ್ರೂ ಕೇಳಲಿಲ್ಲ."

ಈಗ ದಿನಾ ನಮ್ಮ ಓಣಿ ಹಂಪಿನ ಮ್ಯಾಲೆ ಅವರ ಕಾರು ಕರ್ರಂತೈತಿ. ಖರೇ ಹೇಳ್ತೇನಿ, ಆ ಸಪ್ಪಳ ಕೇಳಿದ್ರ ನನ್ನ ಹೊಟ್ಟಿ ಉರೀತೈತಿ.