ಬುಗುಡಿಗೆಂದು ಚುಚ್ಚಿಸಿದ ಕಿವಿ

ಮೊನ್ನೆ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಲು ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ನಮ್ಮ ಮನೆ ಹತ್ತಿರದ ಔಷಧಿ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದಾಕೆ ಹತ್ತಿಯಿಂದ ನನ್ನ ತೋಳು ಒರೆಸಿದಳು. ತಣ್ಣಗಿನ ಆ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು ನೋಡಿ, ತೋಳನ್ನು ಹಿಂದಕ್ಕೆಳೆದುಕೊಂಡೆ. ಸೂಜಿಗೆ ಹೆದರಿದೆನೆಂದು ಆಕೆ ಸಮಾಧಾನ ಮಾಡಿದಳು. ಸೂಜಿಗೆ ಹೆದರುವುದು ನಿಜವೇ, ಇಲ್ಲವೆನ್ನಲಾರೆ. ಆದರೆ ಅವತ್ತು ನೆನಪಾದದ್ದು ಸೂಜಿಯಲ್ಲ, ಶೈಲಾ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಆಸ್ಟಿನ್‌ನಲ್ಲಿ ನಾವಿಬ್ಬರೂ ಎಂ.ಎಸ್. ಮಾಡುತ್ತಿದ್ದೆವು, ಒಂದೇ ಕೋಣೆಯಲ್ಲಿದ್ದೆವು. ನಾನು ಮೈಸೂರಿನವಳು, ಶೈಲಾ ಗದಗಿನ ಕಡೆಯವಳು. ನಾನು ಮಾಡಿದ ಸಾರನ್ನು ಅವಳು ಬಿಸಿನೀರು ಎನ್ನುತ್ತಿದ್ದಳು, ಅವಳ ಚಟ್ನಿಪುಡಿ ತಿಂದು ನಾನು ಕಣ್ಣಲ್ಲಿ ನೀರು ಹಾಕುತ್ತಿದ್ದೆ. ತಾಯಿಯಿಲ್ಲದ ಶೈಲಾಳನ್ನು ಸಾಕಿದವಳು ಅವಳ ಅಜ್ಜಿ. ಭಾನುವಾರ ಅಜ್ಜಿಗೆ ಫೋನ್ ಮಾಡುವಾಗ ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಕೂಗುತ್ತಿದ್ದಳು. ಅಜ್ಜಿಗೆ ಕಿವಿ ಮಂದವಲ್ಲ, ಅಮೆರಿಕ ದೂರ, ಅದಕ್ಕೆ.

ಒಮ್ಮೆ ಅಜ್ಜಿ ಊರಿಂದ ಬರುವವರೊಬ್ಬರ ಕೈಲಿ ತನ್ನ ಬುಗುಡಿ ಕಳಿಸಿದಳು. ಕಿವಿಯ ಮೇಲಂಚಿಗೆ ಹಾಕುವ ಮುತ್ತಿನ ಪುಟ್ಟ ಆಭರಣ, ನೀವು ನೋಡಿರುತ್ತೀರಿ. ಅದನ್ನು ಹಾಕಿಕೊಂಡ ಮೊಮ್ಮಗಳ ಫೋಟೋ ನೋಡಬೇಕೆಂದು ಅಜ್ಜಿಯ ಆಸೆ. ಶೈಲಾಳಿಗೆ ಕಿವಿಯ ಹಾಲೆ ಮಾತ್ರ ಚುಚ್ಚಿತ್ತು, ಮೇಲೆ ಚುಚ್ಚಿರಲಿಲ್ಲ.

ಕ್ಯಾಂಪಸ್ಸಿನ ಪಕ್ಕದ ಬೀದಿಯಲ್ಲೇ ಕಿವಿ ಮೂಗು ಕೂಡ ಚುಚ್ಚುವ ಒಂದು ಹಚ್ಚೆ ಅಂಗಡಿಯಿತ್ತು. ಗಾಜಿನ ಮೇಲೆ ತಲೆಬುರುಡೆಯ ಚಿತ್ರ, ಒಳಗಿಂದ ಗುಡುಗುವ ಸಂಗೀತ. ನಾವು ಆ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿ ಮಾಲ್‌ಗೆ ಹೋದೆವು. ಅಲ್ಲಿ ನಡುವೆ ಬಳೆಯಂಗಡಿಯ ಹಾಗೆ ಥಳಥಳಿಸುವ ಒಂದು ಸ್ಟಾಲು. ನಗುನಗುತ್ತಾ ಮಾತಾಡಿಸುವ ಹುಡುಗಿ, ಕೈಯಲ್ಲಿ ಕಿವಿ ಚುಚ್ಚುವ ಪ್ಲಾಸ್ಟಿಕ್ ಗನ್ನು.

"ನಂಗೆ ನೋಡಕ್ಕಾಗಲ್ಲ ಕಣೆ, ತಲೆ ತಿರುಗುತ್ತೆ" ಎಂದೆ.

"ಚುಚ್ಚಿಸ್ಕೊಳ್ಳಾಕಿ ನಾನು, ತಲಿ ತಿರುಗೋದು ನಿನಗ! ಆ ಕಡೆ ನೋಡ್ಕೋತ ನಿಲ್ಲು" ಎಂದು ಶೈಲಾ ನಕ್ಕಳು.

ಹಾಗಾಗಿ ನಾನು ಸ್ಟಾಲಿನ ಇನ್ನೊಂದು ಮೂಲೆ ನೋಡುತ್ತಾ ನಿಂತೆ. ಅರ್ಧ ಖಾಲಿಯಾದ ಸ್ಪ್ರೇ ಬಾಟಲಿಗೆ ಹುಡುಗಿ ದೊಡ್ಡ ಕ್ಯಾನಿನಿಂದ ಸೋಂಕು ತಡೆಯುವ ದ್ರಾವಣ ಸುರಿದು ತುಂಬಿಸಿದಳು. ಆಸ್ಪತ್ರೆಯ ವಾಸನೆ ಬಂತು, ನನಗೆ ಧೈರ್ಯವಾಯಿತು. ಗನ್ನು ಟಪ್ಪೆಂದಿತು. ಮಲಗಲು ಒಂದು ಪಕ್ಕವಾದರೂ ಬೇಕಲ್ಲ ಎಂದು ಶೈಲಾ ಬಲಗಿವಿಯನ್ನಷ್ಟೇ ಚುಚ್ಚಿಸಿಕೊಂಡಳು. ಹುಡುಗಿ ಅದೇ ಬಾಟಲಿಯಿಂದ ಒಂದು ಸಣ್ಣ ಸೀಸೆಗೆ ತುಂಬಿಸಿ ಕೊಟ್ಟು, "ಮರೀದೆ ದಿನಾ ಹಚ್ಚು" ಎಂದಳು.

ಶೈಲಾ ಮರೆಯಲಿಲ್ಲ. ಕಿವಿ ಕೆಂಪಾದಷ್ಟೂ ಹೆಚ್ಚು ಶ್ರದ್ಧೆಯಿಂದ ಹಚ್ಚಿದಳು. ಕಿವಿ ಊದಿತು, ಬಿಸಿಯಾಯಿತು, ದಿಂಬು ತಾಗಿದರೆ ಚೀರುವಂತಾಯಿತು. ವಿದ್ಯಾರ್ಥಿಗಳ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆ ನಾಟಲಿಲ್ಲ. ಜ್ವರ ಏರಿದ ಮೇಲೆ ದೊಡ್ಡಾಸ್ಪತ್ರೆಗೆ ಸೇರಿಸಿ ಕೀವು ತೆಗೆದರು. ವಯಸ್ಸಾದ ಡಾಕ್ಟರಮ್ಮ ಆ ಸೀಸೆಯನ್ನು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದಾಗ ಮಂಚದ ಅಂಚಿನಲ್ಲಿ ಕೂತು ನಿಧಾನವಾಗಿ ಹೇಳಿದರು: ತೊಳೆಯದೆ ಮತ್ತೆ ಮತ್ತೆ ತುಂಬಿಸಿದ ಬಾಟಲಿಯಲ್ಲೇ ರೋಗಾಣು ಮನೆ ಮಾಡಿಕೊಂಡಿತ್ತು. ಗನ್ನು ಕಿವಿಯ ಮೆದುಮೂಳೆಯನ್ನು ಜಜ್ಜಿತ್ತು. ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ.

"ಅಂದ್ರ ನಾ ದಿನಾ ಹಚ್ಚಿದ್ದು ಅದನ್ನ ಏನು?" ಎಂದು ಶೈಲಾ ಕನ್ನಡದಲ್ಲೇ ಕೇಳಿದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಅನುವಾದಿಸಲಿಲ್ಲ.

ಬ್ಯಾಂಡೇಜು ಬಿಚ್ಚಿದಾಗ ಕಿವಿಯ ಮೇಲರ್ಧ ಬಿಸಿಲಿಗೆ ಬಾಡಿದ ಎಲೆಯಂತೆ ಒಳಕ್ಕೆ ಮುದುಡಿತ್ತು. ಆರೋಗ್ಯ ಇಲಾಖೆಯಿಂದ ಒಬ್ಬರು ಫೋನ್ ಮಾಡಿ ಎಲ್ಲ ಕೇಳಿಕೊಂಡರು. ಮುಂದಿನ ಸಲ ಮಾಲ್‌ಗೆ ಹೋದಾಗ ಆ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ನಾವು ಹೆದರಿ ದೂರವಿಟ್ಟ ಹಚ್ಚೆ ಅಂಗಡಿಯಲ್ಲಿ ಪ್ರತಿ ಸೂಜಿಯನ್ನೂ ಹೊಸ ಪೊಟ್ಟಣದಿಂದ ಗಿರಾಕಿಯ ಎದುರಿಗೇ ಬಿಚ್ಚುತ್ತಾರಂತೆ, ಕ್ಲಾಸಿನ ಹುಡುಗನೊಬ್ಬ ಹೇಳಿದ. ಆಗ ತಿಳಿದು ಏನು ಪ್ರಯೋಜನ?

"ಇಲ್ಲಿ ಚುಚ್ಚೋರು ಯಾರೂ ಸಿಗವಲ್ರು ಅಜ್ಜಿ" ಎಂದು ಶೈಲಾ ಫೋನಿನಲ್ಲಿ ಕೂಗಿದಳು. ಅವತ್ತಿನಿಂದ ಜಡೆ ಹಾಕುವುದನ್ನು ಬಿಟ್ಟಳು. ಕೂದಲು ಹರವಿಕೊಂಡೇ ಓದು ಮುಗಿಸಿದಳು, ಡಾಲಸ್‌ನಲ್ಲಿ ಕೆಲಸಕ್ಕೆ ಸೇರಿದಳು. ನಾನು ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದೆ. ಫೋನು ಅಪರೂಪವಾಯಿತು.

ಔಷಧಿ ಅಂಗಡಿಯಿಂದ ಬಂದವಳೇ ಅವಳಿಗೆ ಫೋನ್ ಮಾಡಿದೆ. ಆ ವಾರಾಂತ್ಯ ಡ್ರೈವ್ ಮಾಡಿಕೊಂಡು ಡಾಲಸ್ ಹತ್ತಿರದ ಸೌತ್‌ಲೇಕ್‌ನ ಅವಳ ಮನೆಗೆ ಹೋದೆ. ಅವಳೇ ಬಾಗಿಲು ತೆಗೆದಳು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಎರಡೂ ಕಿವಿಗಳು ಬಯಲಿಗೆ ಬಿದ್ದಿದ್ದವು.

"ಅಜ್ಜಿ ಹೋದಳು. ಯುಗಾದಿ ಮುಂದ" ಎಂದಳು.

ಚಹಾ ಕುಡಿಯುತ್ತಾ ಉಳಿದದ್ದನ್ನು ಹೇಳಿದಳು. ಊರಿಗೆ ಹೋದಾಗಲೆಲ್ಲ ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಕರೆಯುತ್ತಿದ್ದಳಂತೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಮೊಮ್ಮಗಳ ಕಿವಿ ಕಾಣುತ್ತಿರಲಿಲ್ಲ. ಆದರೆ ತಲೆಗೆ ಎಣ್ಣೆ ಹಚ್ಚುವ ಬೆರಳಿಗೆ ತಿಳಿಯದೇ ಇರುತ್ತದೆಯೇ? ತಾನು ಕಳಿಸಿದ ಬುಗುಡಿಯಿಂದಲೇ ಹೀಗಾಯಿತೆಂದು ಮುದುಕಿ ಕೊರಗುತ್ತಾಳೆ ಎಂದು ಶೈಲಾ ಪ್ರತಿಸಲವೂ ತಲೆನೋವು, ನೆಗಡಿ, ಈಗ ತಾನೇ ಸ್ನಾನ ಆಯಿತು ಎಂದು ಏನಾದರೊಂದು ನೆಪ ಹೇಳಿ ಎದ್ದುಬಿಡುತ್ತಿದ್ದಳು.

"ಕಡೀ ಸಲ ಹೋದಾಗ ಬಟ್ಟಲಾ ಕೆಳಗಿಟ್ಟು ಕೇಳಿದ್ಳು," ಶೈಲಾ ಕಪ್ಪಿನೊಳಗೆ ನೋಡುತ್ತಾ ಹೇಳಿದಳು. "'ಯಾಕವಾ, ಅಮೇರಿಕಾಕ್ಕ ಹೋದ ಮ್ಯಾಲ ನನ್ನ ಕೈ ನಿನಗ ಹೊಲಸಾತೇನು?' ಅಂತ."

ಅವಳ ಮುಂದೆ ಚಹಾ ಆರುತ್ತಿತ್ತು. ನಾನು ಎದ್ದು ಅವಳ ಬಲಪಕ್ಕಕ್ಕೆ, ಮುದುಡಿದ ಆ ಕಿವಿಯ ಕಡೆಗೆ, ಹೋಗಿ ಕೂತೆ.