ಕಲ್ಯಾಣಿಯ ಕೊರಳಿನ ಕಣ್ಣಿ

ಸುಮ್ಮನೆ ಕೂತಿರು ಎಂದಿದ್ದಳು ಅಕ್ಕ. ನನ್ನಿಂದ ಆಗದೇ ಹೋದದ್ದು ಅದೊಂದೇ. ತೆಂಗಿನ ಮರ ಹತ್ತು ಎಂದಿದ್ದರೆ ಹತ್ತುತ್ತಿದ್ದೆ. ಸುಮ್ಮನೆ ಕೂರಲಾಗದ್ದಕ್ಕೇ ಆರನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟವನು ನಾನು. ಅದು ಗೊತ್ತಿದ್ದೂ ನನಗೇ ಒಪ್ಪಿಸಿದಳಲ್ಲ, ಅವಳದೂ ಒಂದಿಷ್ಟು ತಪ್ಪಿದೆ ಎಂದು ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಹೊಸ ಕರುವಿಗೆ ಹಗ್ಗ ಹುಡುಕುತ್ತ ಕೊಟ್ಟಿಗೆಯ ಸೂರಿನ ಸಂದಿಗೆ ಕೈ ಹಾಕಿದೆ. ಹಳೆಯ ಕಣ್ಣಿಯೊಂದು ಸಿಕ್ಕಿತು. ಕಣ್ಣಿ ಎಂದರೆ ಕರುವಿನ ಕೊರಳಿಗೆ ಹಾಕುವ ಕುಣಿಕೆ ಹಗ್ಗ. ಮೂಗಿನ ಹತ್ತಿರ ಹಿಡಿದೆ. ಕತ್ತಾಳೆ ನಾರು, ಹೊಗೆ, ಗಂಜಲ ಎಲ್ಲ ಸೇರಿದ ಅದೇ ವಾಸನೆ. ಹಲ್ಲಿನ ಗುರುತೂ ಹಾಗೇ ಇತ್ತು. ಬಚ್ಚಿಟ್ಟವನು ನಾನೇ, ಬಚ್ಚಿಟ್ಟ ಜಾಗ ಮರೆತವನೂ ನಾನೇ.

ಇಸವಿ ಕೇಳಬೇಡಿ. ಹಳೇಬೀಡಿನಲ್ಲಿ ನಮ್ಮ ಬೀದಿಗೆ ಎಸ್‌ಟಿಡಿ ಬೂತು ಬಂದಿದ್ದ ವರ್ಷ. ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೇ ಬಂದಿದ್ದಳು. ಹೂ ಕಟ್ಟಿ ಬೆಳಗಿನ ಬಸ್ಸಿಗೆ ಬೇಲೂರಿನ ಅಂಗಡಿಗೆ ಕಳಿಸುವುದು ಅವಳ ಕೆಲಸ. ಬಿಡಿ ಹೂವಿಗೆಂದು ಹುಲಿಕೆರೆಗೆ ಹೋದವಳು ಒಂದು ದಿನ ಬರಿಗೈಯಲ್ಲಿ ಓಡಿ ಬಂದಳು. "ಲೋ, ಗೋಣಿಚೀಲ ತಗೊಂಡು ಬಾರ್ಲಾ, ಕಲ್ಯಾಣಿ ಒಳಗೆ ಒಂದು ಜೀವ ಐತೆ."

ಹುಲಿಕೆರೆಯ ಕಲ್ಯಾಣಿಯನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ, ಮೆಟ್ಟಿಲ ಕೆಳಗೆ ಮೆಟ್ಟಿಲು, ನಡುವೆ ಪುಟ್ಟ ಪುಟ್ಟ ಗುಡಿಗಳು. ಕೆಳಗಿನ ಒಂದು ಗುಡಿಯೊಳಗೆ ಒಂದು ವರ್ಷದ ಹೆಣ್ಣುನಾಯಿ ಮುದುಡಿಕೊಂಡಿತ್ತು. ಹಿಂಗಾಲು ಊದಿತ್ತು. ಮನುಷ್ಯರ ಕೈಯಿಂದ ಅದು ಅಲ್ಲಿಯವರೆಗೆ ಕಲ್ಲು ಬಿಟ್ಟರೆ ಬೇರೇನೂ ಕಂಡಿರಲಿಲ್ಲ ಅಂತ ಕಾಣುತ್ತದೆ. ಚೀಲ ಮುಚ್ಚಿ ಎತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಂದೆ. ದಾರಿಯುದ್ದಕ್ಕೂ ಒಂದು ಸದ್ದಿಲ್ಲ. ಮನೆಗೆ ಬಂದು ಬಿಚ್ಚಿದರೆ ಸೀದಾ ಕೊಟ್ಟಿಗೆಯಲ್ಲಿ ದನ ನೀರು ಕುಡಿಯುವ ಬಾನಿಯ ಹಿಂದೆ ಸೇರಿಕೊಂಡಿತು. ಸಿಕ್ಕ ಜಾಗದ ಹೆಸರನ್ನೇ ಇಟ್ಟೆವು, ಕಲ್ಯಾಣಿ.

ಅಕ್ಕನಿಗೆ ನಾಯಿ ಪಳಗಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಾನಿಯಿಂದ ಇಪ್ಪತ್ತು ಮೊಳ ಅಳೆದು ಮುದ್ದೆಯ ತಟ್ಟೆ ಇಟ್ಟಳು. ಹೂ ಅಳೆಯುವ ಅದೇ ಕೈ. ತಟ್ಟೆಯ ಈಚೆಗೆ ನಾಯಿಗೆ ಬೆನ್ನು ಮಾಡಿ ಕೂತು ಹೂ ಕಟ್ಟತೊಡಗಿದಳು. ತಿರುಗಿ ನೋಡುವಂತಿಲ್ಲ, ಕರೆಯುವಂತಿಲ್ಲ. ಅದು ಹೆದರದೆ ಬಂದು ತಿಂದ ವಾರ ತಾನೂ ತಟ್ಟೆಯೂ ಒಂದು ಮೊಳ ಹತ್ತಿರ. ಹೆದರಿದ ವಾರ ಇದ್ದಲ್ಲೇ. ಪಕ್ಕದ ಮನೆಯ ಜವರಪ್ಪ ಬೇಲಿಯ ಮೇಲಿಂದ ಇಣುಕಿ ಕೇಳುತ್ತಿದ್ದ, "ಏನ್ಲಾ, ನಿಮ್ಮಕ್ಕ ನಾಯಿ ಮೇಲೆ ಮುನಿಸ್ಕಂಡವ್ಳಾ? ಇಬ್ರೂ ಮಾತು ಬಿಟ್ಟವ್ರಾ?"

ಎಂಟು ತಿಂಗಳಿಗೆ ತಟ್ಟೆ ಬಾನಿಯ ಬುಡಕ್ಕೆ, ಅಕ್ಕನ ಬೆನ್ನು ತಟ್ಟೆಗೆ ತಾಗುವಷ್ಟು ಹತ್ತಿರಕ್ಕೆ ಬಂತು. ಒಂದು ಸಂಜೆ ಅವಳು ಹಿಂದಕ್ಕೆ ಚಾಚಿದ ಅಂಗೈಯಿಂದ ಕಲ್ಯಾಣಿ ಮುದ್ದೆ ತಿಂದಿತು. ಅಕ್ಕ ಅಲುಗಾಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಆ ವಾರವೇ ಬಾಣಾವರದಲ್ಲಿದ್ದ ಅವಳ ಮಗಳಿಗೆ ಹೆರಿಗೆಯಾಯಿತು. ಹೊರಡುವಾಗ ನನಗೆ ಹೇಳಿದಳು, "ಹನ್ನೊಂದು ದಿನಕ್ಕೆ ಬತ್ತೀನಿ. ನನ್ನ ಸೀರೆ ಹೊದ್ಕೊಂಡು ಸುಮ್ನೆ ಕೂತಿರು. ಮುಟ್ಬ್ಯಾಡ ಕಣೋ."

ಮೂರು ಸಂಜೆ ಕೂತೆ. ನಾಯಿ ಸೀರೆಯ ವಾಸನೆ ನಂಬಿ ಬಂತು, ನನ್ನ ಕೈಯಿಂದಲೂ ತಿಂದಿತು. ಅಷ್ಟಕ್ಕೇ ನನಗೆ ಜಂಬ ಬಂತು. "ಕರುವಿಗೆ ಮೂರು ದಿನ ಕಣ್ಣಿ ಹಾಕುದ್ರೆ ಸಾಕು. ನಾಯಿಗೆ ಎಂಟು ತಿಂಗಳಾ?" ಎಂದು ಜವರಪ್ಪ ಬೇರೆ ನಕ್ಕಿದ್ದ. ದನದ ಜೊತೆ ಬೆಳೆದವನಿಗೆ ಆ ಲೆಕ್ಕ ಸರಿ ಕಂಡಿತು. ಅಕ್ಕ ಬರುವಷ್ಟರಲ್ಲಿ ನಾಯಿಯನ್ನು ಬಸ್‌ಸ್ಟ್ಯಾಂಡಿಗೆ ಹಿಡಿದುಕೊಂಡು ಹೋಗಿ ನಿಲ್ಲಬೇಕೆಂದು ಆಸೆ. ನಾಲ್ಕನೇ ಸಂಜೆ, ಅದು ಬಗ್ಗಿ ತಿನ್ನುವಾಗ, ಕುಣಿಕೆ ಹಾಕಿಬಿಟ್ಟೆ.

ಕರು ಎಳೆದಾಡಿ ಸುಸ್ತಾಗಿ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಹಗ್ಗ ಕಚ್ಚಿತು, ಗೋಡೆಗೆ ಬಡಿದುಕೊಂಡಿತು, ಎರಡು ದಿನ ಒಂದು ತುತ್ತು ಮುಟ್ಟಲಿಲ್ಲ. ಬೂತಿಗೆ ಅಕ್ಕನ ಫೋನು ಬಂತು. "ತಿಂತಾ ಐತೇನೋ?" "ತಿಂತಾ ಐತೆ ಕಣಕ್ಕ" ಎಂದೆ. ಮೂರನೇ ದಿನ ನೋಡಲಾಗದೆ ಕುಣಿಕೆ ಸಡಿಲಿಸಲು ಹೋದರೆ ಹೆಬ್ಬೆರಳಿಗೆ ಬಾಯಿ ಹಾಕಿ, ಕುಣಿಕೆಯಿಂದ ತಲೆ ಕಳಚಿಕೊಂಡು ಬೇಲಿ ಹಾರಿ ಹೋಯಿತು. ಕಣ್ಣಿಯನ್ನು ಸೂರಿನ ಸಂದಿಗೆ ತುರುಕಿದೆ.

ಆಗ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು. ಬೇಲೂರಿನ ಆಸ್ಪತ್ರೆಗೆ ದಿನಾ ಹೋದೆ. ಅಕ್ಕ ವಾಪಸು ಬಂದ ಮೇಲೆ ಅವಳದೇ ಹೂವಿನ ಬುಟ್ಟಿ ಹಿಡಿದು, ಕಾಯಿ ಸುಲಿಯುವ ಕೆಲಸ ಸಿಕ್ಕಿದೆ ಎಂದು ಹೇಳಿ ಹೋದೆ. ಬೆರಳಿನ ಗಾಯ ಕಾಯಿ ಸುಲಿಯುವಾಗ ಆದದ್ದು ಎಂದೆ. ಹೊಟ್ಟೆ ಹಿಡಿದುಕೊಂಡು ಮಲಗಿದಾಗ ಅಜೀರ್ಣ ಎಂದೆ. ಅವಳು ಓಮದ ಕಷಾಯ ಮಾಡಿಕೊಟ್ಟಳು, ಕುಡಿದೆ. ಕಲ್ಯಾಣಿ ಎಲ್ಲಿ ಎಂದದ್ದಕ್ಕೆ, ಯಾರೋ ಮದುವೆಯವರು ಪಟಾಕಿ ಹೊಡೆದರು, ಓಡಿಹೋಯಿತು ಎಂದೆ.

ಅಕ್ಕ ಬೇಲಿಯಾಚೆ ತಟ್ಟೆ ಇಟ್ಟು, ಬೆನ್ನು ಮಾಡಿ ಕೂತಳು. ಐದನೇ ದಿನ ಕಲ್ಯಾಣಿ ದೂರದ ಹೊಂಗೆ ಮರದಡಿ ಕಾಣಿಸಿತು. ಮತ್ತೆ ಇಪ್ಪತ್ತು ಮೊಳದಿಂದ ಶುರು.

ಈ ಸಲ ಒಂದು ವರ್ಷ ಹಿಡಿಯಿತು. ಆಮೇಲಿನ ಹತ್ತು ವರ್ಷ ಆ ನಾಯಿ ಬದುಕಿದ ಬದುಕು ನೆನೆದರೆ ಈಗಲೂ ನಗು ಬರುತ್ತದೆ. ಹೂವಿನ ಬುಟ್ಟಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು. ಬೇಲೂರಿನಲ್ಲಿ ಯಾರ ಜಡೆಯಲ್ಲಿ ಎಷ್ಟು ನಾಯಿಕೂದಲು ಹೋಯಿತೋ. ಜವರಪ್ಪನ ಕೈಯಿಂದಲೂ ಬಿಸ್ಕತ್ತು ತಿನ್ನುತ್ತಿತ್ತು. ನನ್ನ ಹತ್ತಿರವೂ ಬರುತ್ತಿತ್ತು, ಆದರೆ ದನ ಕಟ್ಟಲು ನಾನು ಹಗ್ಗ ಎತ್ತಿಕೊಂಡರೆ ಎದ್ದು ಬಾನಿಯ ಹಿಂದೆ ಹೋಗಿ ನಿಲ್ಲುತ್ತಿತ್ತು. ನನ್ನೊಬ್ಬನಿಗೇ ಹಾಗೆ. ಅಕ್ಕ ನೋಡುತ್ತಿದ್ದಳು, ಹೂ ಕಟ್ಟುತ್ತಿದ್ದಳು. ಕಲ್ಯಾಣಿ ಮುದಿಯಾಗಿ ಅವಳ ಮಡಿಲಲ್ಲೇ ಹೋಯಿತು.

ಈಗ ಬಾನಿಯ ಹಿಂದೆ ಇನ್ನೊಂದು ಇದೆ. ಬಸ್‌ಸ್ಟ್ಯಾಂಡಿನಿಂದ ತಂದ ಕರಿ ನಾಯಿ, ಹತ್ತು ಮೊಳದವರೆಗೆ ಬಂದಿದೆ. ಅಂದು ಬಾಣಾವರದಲ್ಲಿ ಹುಟ್ಟಿದ ಮೊಮ್ಮಗಳು ಈಗ ದೊಡ್ಡವಳಾಗಿದ್ದಾಳೆ, ಅವಳ ಆರತಿಗೆ ಅಕ್ಕ ಹೊರಡಬೇಕು. ನಿನ್ನೆ ಅಕ್ಕ ಅದೇ ದನಿಯಲ್ಲಿ ಹೇಳಿದಳು, "ನಾಲ್ಕು ದಿನ ನೀನೇ ಕೂತಿರಬೇಕು ಕಣೋ."

ಕಣ್ಣಿ ಹಿಡಿದುಕೊಂಡು ಹೋಗಿ, ನಾಯಿಗೆ ಬೆನ್ನು ಮಾಡಿ ಅಕ್ಕನ ಪಕ್ಕ ಕೂತೆ. ಅವಳ ಮುಖ ನೋಡದೆ ಹಗ್ಗವನ್ನು ಹೂವಿನ ಪಕ್ಕ ಇಟ್ಟೆ.

"ಅಕ್ಕ, ಅವತ್ತು ಪಟಾಕಿ ಯಾರೂ ಹೊಡೀಲಿಲ್ಲ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಕಣ್ಲಾ. ಬಸ್ಸಿನ ಕಂಡಕ್ಟರು ಅವಾಗ್ಲೇ ಕೇಳಿದ್ದ, ನಿಮ್ಮ ತಮ್ಮಂಗೆ ಎಷ್ಟು ಇಂಜೆಕ್ಷನ್ ಆಯ್ತಮ್ಮಾ ಅಂತ."

"ಮತ್ತೆ ನನ್ನನ್ನ ಕೇಳ್ಲೇ ಇಲ್ಲ?"

"ಹೆದರ್ಕಂಡಿದ್ದೆ ನೀನು" ಎಂದಳು. ಆಮೇಲೆ ನಕ್ಕಳು. "ಆ ನಾಯಿಗಾದ್ರೂ ಹತ್ರ ಬರೋಕೆ ಒಂದು ವರ್ಷ ಸಾಕಾಯ್ತಪ್ಪ."

ನಾನು ನಗಲಿಲ್ಲ. ಬೆನ್ನ ಹಿಂದೆ ಕರಿ ನಾಯಿ ತಟ್ಟೆ ನೆಕ್ಕುವ ಸದ್ದು ಕೇಳುತ್ತಿತ್ತು. ಅದು ಹೆದರದಂತೆ ಮೆಲ್ಲಗೆ, ಆದರೆ ಅಕ್ಕನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ, "ಕಲ್ಯಾಣಿ ಕೊರಳಿಗೆ ಕಣ್ಣಿ ಹಾಕಿದ್ದು ನಾನೇ. ನಿನ್ನ ಸೀರೆ ಹೊದ್ಕೊಂಡೇ ಹಾಕ್ದೆ. ತಪ್ಪಾಯ್ತು ಕಣಕ್ಕ."