ಹೊಳೆದಂಡೆಯ ಊರಿಗೆ ಎರಡು ಕೊಕ್ಕೆ

ಬೆಂಗಳೂರಿನ ವಿಜಯನಗರದ ಮಾರ್ಕೆಟ್ ರಸ್ತೆಯ ಫ್ರೇಮ್ ಅಂಗಡಿಯಲ್ಲಿ ರೇವಣಸಿದ್ದಪ್ಪ ಇಪ್ಪತ್ತು ವರ್ಷಗಳಿಂದ ಪಟಗಳಿಗೆ ಕಟ್ಟು ಹಾಕುತ್ತಿದ್ದಾನೆ. ದೇವರಿಗೆ ಚಿನ್ನದ ಬಣ್ಣದ ಕಟ್ಟು, ಮದುವೆ ಫೋಟೋಗೆ ಕೆತ್ತನೆಯದು. ತೀರಿಕೊಂಡವರಿಗೆ ಕಪ್ಪಂಚು, ಮೇಲೆ ಹಾರ ಸಿಕ್ಕಿಸಲು ಎರಡು ಪುಟ್ಟ ಕೊಕ್ಕೆ. ಯಾರೂ ಹೇಳಬೇಕಾಗಿಲ್ಲ, ಕೈಗೇ ಗೊತ್ತು.

ಆರ್‌ಪಿಸಿ ಲೇಔಟಿನ ರಮ್ಯಶ್ರೀ ಕೊಟ್ಟುಹೋದ ಚಿತ್ರ ಇದಾವುದಕ್ಕೂ ಸೇರಿದ್ದಲ್ಲ. ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಯಾರೋ ಬರೆದದ್ದರ ಪ್ರಿಂಟು. ಸಂಜೆಗತ್ತಲಿಗೆ ವಾಲುತ್ತಿರುವ ಊರು, ಅದರ ಬುಡದಲ್ಲಿ ಸದ್ದಿಲ್ಲದ ಹೊಳೆ, ದಂಡೆಗೆ ಕಟ್ಟಿದ ದೋಣಿ, ಮೆಟ್ಟಿಲ ಮೇಲೆ ಬಟ್ಟೆ ಹಿಂಡುವ ಹೆಂಗಸು. ಚರ್ಚಿನ ಚೂಪು ಗೋಪುರವನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಸಾಕು, ಬಾಗಲಕೋಟೆ ಕಡೆಯ ಅವನ ಊರೇ. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಅದರ ಒಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ. ಫೋಟೋ ತೆಗೆಸಿದವರೆಲ್ಲ ಮನುಷ್ಯರನ್ನು ತೆಗೆಸಿದರು, ಊರನ್ನಲ್ಲ.

ಎರಡು ದಿನದ ಕೆಲಸವನ್ನು ಅವನು ಆರು ದಿನ ಎಳೆದ. ಏಳನೆಯ ದಿನ ರಮ್ಯಶ್ರೀ ಬಂದೇಬಿಟ್ಟಳು.

“ಏನಣ್ಣ ಇದು, ಹಾರ ಹಾಕೋ ಕೊಕ್ಕೆ! ಗೃಹಪ್ರವೇಶಕ್ಕೆ ಗಿಫ್ಟ್ ಕೊಡೋದು. ಯಾರು ಹೋಗ್‌ಬಿಟ್ರು ಅಂತ ಹಾಕಿದ್ರಿ?”

ರೇವಣಸಿದ್ದಪ್ಪ ನೋಡಿದ. ಕಪ್ಪಂಚು, ಎರಡು ಕೊಕ್ಕೆ. ಯಾವಾಗ ಹೊಡೆದನೋ ಅವನಿಗೇ ತಿಳಿಯಲಿಲ್ಲ.

“ತಪ್ಪಾತ್ರೀ ಅಕ್ಕಾರ. ನಮ್ಮೂರು ಹಿಂಗ ಇತ್ತು. ಮುಳುಗಡಿ ಆತು.”

“ಅಯ್ಯೋ.” ಅವಳು ಚಿತ್ರದತ್ತ ಬಗ್ಗಿದಳು. “ನಿಮ್ಮೂರಲ್ಲೂ ಚರ್ಚ್ ಇತ್ತಾ?”

“ಅದೊಂದ ಇರ್ಲಿಲ್ರೀ.”

ಇಬ್ಬರೂ ನಕ್ಕರು. ಅವನು ಕೊಕ್ಕೆ ಕಿತ್ತು, ತೂತುಗಳಿಗೆ ಮೇಣ ತುಂಬಿ, ಕಪ್ಪು ಬಣ್ಣ ಸವರಿದ.

“ಇನ್ನೊಂದ ದಿನ ಇಟ್ಕೊಳ್ಳಲೇನ್ರೀ?”

“ನಾಳೆ ಬೆಳಗ್ಗೇನೇ ಫಂಕ್ಷನ್ ಅಣ್ಣ. ಬೇಕಾದ್ರೆ ಫೋಟೋ ಹೊಡ್ಕೊಳ್ಳಿ.”

ಅವನು ಮೊಬೈಲ್ ಹಿಡಿದ, ಒಂದೇ ಒಂದು ಸಲ ಒತ್ತಿದ. ರಮ್ಯಶ್ರೀ ಇಣುಕಿದಳು. ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಹೊಳೆಯ ಮೇಲೆ ಅವನದೇ ಮಸುಕು ಮುಖ.

“ಛೆ, ನಿಮ್ಮ ಮುಖಾನೇ ಬಿದ್ದಿದೆ. ನಂಬರ್ ಕೊಡಿ, ನೀಟಾಗಿರೋದು ಕಳಿಸ್ತೀನಿ.”

“ಬ್ಯಾಡ್ರೀ,” ಎಂದ ರೇವಣಸಿದ್ದಪ್ಪ, ಮೊಬೈಲನ್ನು ಅಂಗಿಯ ಜೇಬಿಗಿಳಿಸುತ್ತ. “ಇದ ಇರ್ಲಿ. ಇದ್ರಾಗ ನಾನೂ ಅದೀನಿ.”